ಸುಮ್ಮನಿದ್ದರೆ ಒಪ್ಪಿದಂತೆ

ಊರಿನ ಸಾಹುಕಾರ ಹಾಜಿ ಬುಅಝ್ಝಾ ಅವರು ಗುಡ್ಡದ ಮೇಲೆ ಕೋಳಿ ಫಾರಂ ಕಟ್ಟಿಸುತ್ತಾರಂತೆ ಎಂಬ ಸುದ್ದಿ ಬಂದಾಗಿನಿಂದ ನೆರೆಮನೆಯ ಇಟ್ಟೊ ಅಜ್ಜಿಗೆ ಊಟ ಸೇರುತ್ತಿಲ್ಲ. ಗುಡ್ಡದ ಬುಡದಲ್ಲೇ ನಮ್ಮ ಒರತೆ. ಅಟ್ಲಾಸ್ ಬೆಟ್ಟದ ಈ ಊರಿಗೆ ಕುಡಿಯುವ ನೀರು ಅದೊಂದೇ. ಅಜ್ಜಿಯ ಮನೆ ಒರತೆಗೆ ಅಂಟಿಕೊಂಡೇ ಇದೆ. ಮೊಮ್ಮಗಳು ತಿತ್ರಿತ್‌ಗೆ ಒಲೆಯ ಹೊಗೆ ತಗುಲಿದರೂ ಉಸಿರು ಕಟ್ಟುತ್ತದೆ.

ಪಕ್ಕದ ಕಣಿವೆಯಲ್ಲಿ ಇಂಥದ್ದೇ ಫಾರಂ ಇದೆ. ಅಲ್ಲಿಗೆ ಮದುವೆಯಾಗಿ ಹೋದ ನನ್ನ ತಂಗಿ ನಾತಕ್ಕೆ ಹೆದರಿ ಬೇಸಿಗೆಯಲ್ಲೂ ಕಿಟಕಿ ತೆರೆಯುವುದಿಲ್ಲ. ನಾದಿಟ್ಟ ಹಿಟ್ಟು ನೊಣ ಮುತ್ತಿ ಕಪ್ಪಗಾಗುತ್ತದೆ. ನೋಡಿ ಬಂದ ಮೇಲೆ ನನಗೂ ಹೆದರಿಕೆ ಹತ್ತಿತು, ಸುಳ್ಳೇಕೆ ಹೇಳಲಿ.

ಮಗುವಿಗೆ ಔಷಧಿ ತಂದಿದ್ದ ನರ್ಸ್ ರಬ್ಹಾ, ಅಜ್ಜಿಯ ಮಗ ಬಾಸ್ಸುವನ್ನು ಕೇಳಿದಳು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಪಂಚಾಯ್ತಿ ಕಚೇರಿ ಬಾಗಿಲಲ್ಲಿ ಫಾರಂದು ನೋಟಿಸ್ ಅಂಟಿಸಿದಾರೆ, ನೋಡಿದ್ಯಾ?"

"ನೋಡ್ದೆ ಅಕ್ಕಾ. ನಂಗ್ಯಾಕೆ ಅದು? ಹಾಜಿಯವರ ಟ್ರ್ಯಾಕ್ಟರ್ ಓಡಿಸೋನು ನಾನು. ಬಾಯಿ ಬಿಟ್ರೆ ನಾಳೆಯಿಂದ ಬರಬೇಡ ಅಂತಾರೆ. ಸುಮ್ಮನಿದ್ದೋರ ತಂಟೆಗೆ ಯಾರೂ ಬರಲ್ಲ."

"ಪರವಾನಗಿ ಇನ್ನೂ ಸಿಕ್ಕಿಲ್ಲ ಕಣೋ. ಕೊಡೋ ಮುಂಚೆ ಊರೋರನ್ನ ಕೇಳ್ಬೇಕು. ಬುಧವಾರದ ಸಂತೆವರೆಗೂ ತಕರಾರು ಬರೆಸಬಹುದು. ಗೊಬ್ಬರ ಎಲ್ಲಿ ಸುರೀತಾರೆ, ಒರತೆಗೆ ಎಷ್ಟು ದೂರ, ಗಾಳಿ ಯಾವ ಕಡೆ ಬೀಸುತ್ತೆ, ಎಲ್ಲ ಕೇಳಬಹುದು. ಯಾರೂ ಬರೆಸದಿದ್ರೆ ಊರು ಒಪ್ಪಿತು ಅಂತ್ಲೇ ಲೆಕ್ಕ."

"ನೀನು ಸರ್ಕಾರಿ ಸಂಬಳದೋಳು. ಏಟು ಬೀಳೋದು ನನ್ನ ಹೊಟ್ಟೆಗೆ."

ರಬ್ಹಾ ಔಷಧಿ ಚೀಲ ಎತ್ತಿಕೊಂಡಳು. ಅವನ ಮಾತೂ ಸುಳ್ಳಲ್ಲವಲ್ಲ.

ಮೂಲೆಯಲ್ಲಿ ಉಣ್ಣೆ ಹಿಂಜುತ್ತಿದ್ದ ಅಜ್ಜಿ ಕೈ ನಿಲ್ಲಿಸಿದಳು.

"ನನ್ನ ಮದುವೆ ಹೆಂಗಾಯ್ತು ಗೊತ್ತೇನೋ? ಒಪ್ಪಿಗೆ ಬರ್ಕೊಳ್ಳೋರು ಬಂದು ಪರದೆ ಆಚೆಯಿಂದ ಕೇಳಿದ್ರು. ಹೆದರಿ ನನ್ನ ಬಾಯಿ ಕಟ್ಟಿಹೋಗಿತ್ತು. ಹುಡುಗಿ ಸುಮ್ಮನಿದಾಳೆ, ಅಂದ್ರೆ ಒಪ್ಪಿದಾಳೆ ಅಂತ ಬರ್ಕೊಂಡು ಹೋದ್ರು. ನಿಮ್ಮಪ್ಪ ಒಳ್ಳೆಯೋನಾಗಿದ್ದ, ಅದು ನನ್ನ ಪುಣ್ಯ. ಈ ಮಗು ಉಸಿರನ್ನೂ ಪುಣ್ಯಕ್ಕೇ ಬಿಡೋಣ್ವಾ?"

ಬುಧವಾರ ಹೇಸರಗತ್ತೆಗೆ ಜೀನು ಬಿಗಿದು ಅಮ್ಮನನ್ನು ಕೂರಿಸಿದವನು ಬಾಸ್ಸುವೇ. ನಾನೂ ಹಿಂದೆ ನಡೆದೆ.

ಸಂತೆಯ ಪಕ್ಕದ ಕಚೇರಿಯೊಳಗೆ ಹಾಜಿ ಗುಮಾಸ್ತನ ಜೊತೆ ಕೂತಿದ್ದರು. ಬಾಸ್ಸು ಬಾಗಿಲಲ್ಲೇ ನಿಂತುಬಿಟ್ಟ. ನನಗೂ ವಾಪಸ್ ಹೋಗಿಬಿಡೋಣ ಅನ್ನಿಸಿತು.

"ಏನಮ್ಮಾ ಇಟ್ಟೊ, ಸಂತೆಗೆ ಬಂದು ದಾರಿ ತಪ್ಪಿದ್ಯಾ?"

"ಇಲ್ಲ ಹಾಜಿ. ಒಂದ್ಸಲ ಸುಮ್ಮನಿದ್ದು ಮದುವೆ ಆಗೋಯ್ತು. ಈ ಸಲ ಬಾಯಿ ಬಿಟ್ಟು ಹೇಳೋಣ ಅಂತ ಬಂದೆ."

ಅಜ್ಜಿ ಗುಮಾಸ್ತನ ಕೈಲಿ ಒರತೆಯ ತಕರಾರು ಬರೆಸಿ ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ ಬಾಸ್ಸು ಹೆಸರು ಬರೆದ. ಅಕ್ಷರ ಸೊಟ್ಟಗಾದವು. ಆಮೇಲೆ ನಾನು ಬರೆದೆ.

ಅಧಿಕಾರಿಗಳು ಬಂದು ಒರತೆಯ ದೂರ ಅಳೆದು ಹೋಗಿದ್ದಾರೆ. ತೀರ್ಮಾನ ಇನ್ನೂ ಬಂದಿಲ್ಲ. ಟ್ರ್ಯಾಕ್ಟರ್ ಕೀಲಿಯನ್ನು ಹಾಜಿ ಯಾವತ್ತು ಕಿತ್ತುಕೊಳ್ಳುತ್ತಾರೋ ಎಂದು ಬಾಸ್ಸು ಹೆದರುತ್ತಲೇ ಇದ್ದಾನೆ. ಆದರೂ ಬರೆದ ಹೆಸರನ್ನು ಹೊಡೆದುಹಾಕಲು ಅವನು ಹೋಗಿಲ್ಲ.

ನಿಮ್ಮ ಮನೆ ಹತ್ತಿರ ಫಾರಂ ಬರುತ್ತದೆಂದು ಕೇಳಿದರೆ ಮೊದಲು ನೋಟಿಸ್ ಓದಿ, ಓದಲು ಬಾರದಿದ್ದರೆ ಓದಿಸಿ. ಗಡುವು ಮುಗಿಯುವ ಮೊದಲೇ ನಾಲ್ಕು ಮನೆಯವರು ಜೊತೆಯಾಗಿ ಹೋಗಿ. ಹೆದರಿಕೆ ಇದ್ದರೆ ಇರಲಿ, ಹೆದರಿಕೊಂಡೇ ಹೋಗಿ. ಪರದೆಯ ಆಚೆ ಬರೆದುಕೊಳ್ಳುವವರು ಕಾಯುತ್ತಿದ್ದಾರೆ. ನೀವು ಬಾಯಿ ಬಿಡದಿದ್ದರೆ ಅವರು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ.