ಮಹಾಗಾಂವ ದಾರಿಯ ಪಂಚನಾಮೆ

ಖಮರುದ್ದೀನನ ಮೋಟಾರು ನಿಂತಿತ್ತು. ಈ ಮಾತು ಮುಂದೆ ಯಾವ ಕಾಗದದಲ್ಲೂ ಬರಲಿಲ್ಲ, ಆದರೆ ನಿಂತಿದ್ದು ನಿಜ. ಮಹಾಗಾಂವದ ಹತ್ತಿರ ಬೇವಿನ ಮರದ ಕೆಳಗೆ ನಿಲ್ಲಿಸಿ, ಮುಚ್ಚಳ ತಿರುವಿ, ಡಬ್ಬಿಯಿಂದ ರೇಡಿಯೇಟರಿಗೆ ನೀರು ಹಾಕುತ್ತಿದ್ದ. ಅವನನ್ನು ದಾಟಿಕೊಂಡು ಹೋದ ಗುರುಲಿಂಗಪ್ಪನ ಮೋಟಾರು ತನ್ನ ತೋಟದ ತಿರುವನ್ನೂ ದಾಟಿ ಮುಂದೆ ಹೋಯಿತು. ನಿಂತಿತು. ಹಿಂದಕ್ಕೆ ಬಂತು. ನಡೆಸುತ್ತಿದ್ದ ಗುರುಲಿಂಗಪ್ಪ ಹಿಂದೆ ತಿರುಗಿ ನೋಡಲಿಲ್ಲ. ಖಮರುದ್ದೀನ ಡಬ್ಬಿ ಬಿಸಾಡಿ ಪಕ್ಕಕ್ಕೆ ಹಾರಿದ. ಹಿಂಬದಿಯ ಕಬ್ಬಿಣದ ಕೊಕ್ಕೆ ಅವನ ರೇಡಿಯೇಟರಿನ ನಟ್ಟನಡುವೆ ನುಗ್ಗಿತು.

ಬಿಸಿನೀರು ಧೂಳಿನಲ್ಲಿ ಹರಿದು ಕೆಸರಾಯಿತು.

ಗುರುಲಿಂಗಪ್ಪ ಇಳಿದ. ಊರಿನ ಜಮೀನ್ದಾರ ದೇಶಮುಖರ ಮಗ, ಇಪ್ಪತ್ತಾರರ ವಯಸ್ಸು, ಮೋಟಾರು ಕಲಿತು ಎರಡು ತಿಂಗಳಾಗಿತ್ತು. ಮೊದಲು ತನ್ನ ಗಾಡಿಯ ಹಿಂಬದಿಯನ್ನು ನೋಡಿದ. ಕೊಕ್ಕೆಗೆ ಅಂಟಿದ ನೀರನ್ನು ಕರವಸ್ತ್ರದಿಂದ ಒರೆಸಿದ. ಒಂದು ಗೀರೂ ಇರಲಿಲ್ಲ.

"ಕಣ್ಣು ಎಲ್ಲಿಟ್ಟಿದ್ರಿ, ದೇಶಮುಖರ?"

"ನೀ ಯಾಕ ಇಲ್ಲಿ ನಿಲ್ಲಿಸೀದಿ?"

"ಮರದ ಕೆಳಗ ನಿಲ್ಲಿಸೀನಿ. ಮರ ನಿಮ್ಮಪ್ಪಂದೇನು?"

"ಹೌದು," ಅಂದ ಗುರುಲಿಂಗಪ್ಪ. "ನಮ್ಮಪ್ಪಂದ."

ಅದೂ ನಿಜವಾಗಿತ್ತು.

ಖಮರುದ್ದೀನನ ಮೋಟಾರಿನ ಹಿಂದಿನ ಸೀಟಿನಿಂದ ಸೂಗಮ್ಮ ಬಾಳೆಹಣ್ಣಿನ ಬುಟ್ಟಿ ಹಿಡಿದುಕೊಂಡು ಇಳಿದಳು. ಕಮಲಾಪುರದಲ್ಲಿ ಅವನ ಪಕ್ಕದ ಮನೆಯವಳು. ಕೆಂಪು ಬಾಳೆಹಣ್ಣನ್ನು ಕಲಬುರ್ಗಿಯ ಪೇಟೆಗೆ ಒಯ್ಯುವವಳನ್ನು ಅವನು ದಾರಿಯ ಮೇಲೆ ಹತ್ತಿಸಿಕೊಂಡಿದ್ದ. ಬೇರೆ ಪ್ರಯಾಣಿಕರು ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಅವನಿಗೆ ಇನ್ನೂ ಲೈನು, ಅಂದರೆ ಆ ದಾರಿಯಲ್ಲಿ ಬಾಡಿಗೆ ಓಡಿಸುವ ಪರವಾನಗಿ, ಸಿಕ್ಕಿರಲಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಲಬುರ್ಗಿಯ ಕಚೇರಿಯ ಮುಂದೆ ಮೋಟಾರು ತಂದು ನಿಲ್ಲಿಸಬೇಕು. ತನ್ನ ಗಾಲಿಯ ಮೇಲೆ ತಾನೇ ಓಡಿ ಬಂದ ಗಾಡಿಗೆ ಕಮಲಾಪುರದ ಲೈನು. ಬರದಿದ್ದರೆ ಹುಮನಾಬಾದಿನವರ ಗಾಡಿಗೆ. ಏಳು ವರ್ಷ ಮತ್ತೊಬ್ಬರ ಮೋಟಾರು ಹೊಡೆದು ತನ್ನದೆಂದು ಒಂದನ್ನು ಮಾಡಿಕೊಂಡಿದ್ದ. ಲೈನಿಗೆ ಬೇಕೆಂದು ಹೈದರಾಬಾದಿನಿಂದ ಬಿಮಾ ಕೂಡ ಮಾಡಿಸಿ ತಂದಿದ್ದ, ತಾನು ಗುದ್ದಿದರೆ ಎದುರಿನವರ ನಷ್ಟ ತುಂಬಿಕೊಡುವ ವಿಮೆ.

"ನನ್ನ ಗಾಡಿಗೆ ಬಿಮಾ ಅದ. ನಿಮ್ಮ ಗಾಡಿಗೆ ಅದೇನು?" ಎಂದು ಕೇಳಿದ.

"ಬಿಮಾ?" ಗುರುಲಿಂಗಪ್ಪ ನಕ್ಕ. "ನಮ್ಮ ಮನಿತನದ ಹೆಸರೇ ಬಿಮಾ. ಅವೆಲ್ಲ ಬಾಡಿಗಿ ಹೊಡಿಯೋರಿಗೆ ಬೇಕು."

"ಹಂಗಾರ ಹೊಸಾದು ತರಸಿಕೊಡ್ರಿ."

"ಬೊಂಬಾಯಿಂದ ಬರಬೇಕು. ತಿಂಗಳಾಗ್ತದ. ಕಾಯಿ."

ಖಮರುದ್ದೀನ ಗುರುಲಿಂಗಪ್ಪನ ಮೋಟಾರಿನ ಮುಂದೆ ಹೋಗಿ, ಗಾಡಿ ಚಾಲೂ ಮಾಡುವ ಹ್ಯಾಂಡಲನ್ನು ಕಿತ್ತುಕೊಂಡು ಬಂದು ಕಂಕುಳಲ್ಲಿ ಇಟ್ಟುಕೊಂಡ. ಕಮಲಾಪುರದ ಕಡೆ ಹೊರಟಿದ್ದ ಟಾಂಗಾವನ್ನು ನಿಲ್ಲಿಸಿ ಪೊಲೀಸ್ ಠಾಣೆಯ ಅಮೀನನಿಗೆ ಸುದ್ದಿ ಕಳಿಸಿದ.

"ಅಮೀನ ಸಾಹೇಬ್ರು ಬಂದು ಪಂಚನಾಮೆ ಬರಿಯೋ ತನಕ ಯಾರೂ ಗಾಡಿ ಮುಟ್ಟಂಗಿಲ್ಲ," ಎಂದು ಕೂಗಿದ. "ಕಾನೂನು ಅದ!"

"ಯಾರು ಮುಟ್ಟಾಕತ್ತಾರಪ್ಪ?" ಗುರುಲಿಂಗಪ್ಪ ಸೂಗಮ್ಮನ ಬುಟ್ಟಿಯಿಂದ ಎರಡು ಹಣ್ಣು ಕಿತ್ತುಕೊಂಡ. ಒಂದರ ಸಿಪ್ಪೆ ಸುಲಿದು ಅವಳ ಕಾಲ ಬಳಿಯೇ ಒಗೆದ. "ನಾ ತೋಟದ ಮನಿಗೆ ಉಣ್ಣಾಕ ಹೋಗ್ತೀನಿ. ಅಮೀನ ಬಂದ್ರ ಕೂಗ್ರಿ."

"ಹಣ್ಣು ಹಂಗೇ ತಿಂತಿಯೇನೋ ಹೊಟ್ಟಿಬಾಕ?" ಅಂದಳು ಸೂಗಮ್ಮ.

ಅವನು ಕೇಳಿಸಿಕೊಳ್ಳದವನಂತೆ ಎರಡು ಹೆಜ್ಜೆ ಹೋಗಿ ತಿರುಗಿದ. "ಖಮರ್‍ಯಾ, ನಾಳಿ ಕಚೇರಿಗಿ ಹೆಂಗ ಹೋಗ್ತಿ? ತೋಟದಾಗ ನಮ್ಮ ಎತ್ತು ಅವ. ಬೇಕಾರ ಹೇಳು, ಮೋಟಾರಿಗೆ ಕಟ್ಟಿಸಿಕೊಡ್ತೀನಿ. ಕೊಂಬಿಗೆ ಗೊಂಡೇನೂ ಹಾಕಸ್ತೀನಿ."

ಅವನ ಬೆನ್ನು ಜೋಳದ ಹೊಲದ ಆಚೆ ಮರೆಯಾಗುವವರೆಗೂ ಖಮರುದ್ದೀನ ನೋಡಿದ. ಬಿಸಿಲು ನೆತ್ತಿಯ ಮೇಲಿತ್ತು. ಎರಡೂ ಮೋಟಾರುಗಳು ಒಂದೇ ಅಚ್ಚಿನವು, ಒಂದೇ ಕಪ್ಪು. ಒಂದು ಹೊಸತು, ಒಂದು ಹಳೆಯದು.

"ಅಂವನ ಗಾಡಿಗೂ ಇಂಥಾದೇ ಅದ ಅಲ್ಲೇನು, ತಮ್ಮಾ?" ಅಂದಳು ಸೂಗಮ್ಮ, ಒಡೆದ ರೇಡಿಯೇಟರನ್ನು ತೋರಿಸಿ.

"ಹೂಂ, ಆಯಿ."

"ನಿಂದು ಅಂವಾ ಒಡದಾನ. ಅಂವಂದು ನೀ ತಗೋ. ಇದರಾಗ ಬರಿಯೋದೇನದ?"

ಅವನು ಬೋಲ್ಟು ಬಿಚ್ಚುವ ಪಾನಾ ತೆಗೆದ. ಬೋಲ್ಟುಗಳು ಹೊಸವು, ಬೇಗ ಸಡಿಲವಾದವು. ಸೂಗಮ್ಮ ಸೆರಗನ್ನು ಜೋಳಿಗೆ ಮಾಡಿ ಅವನ್ನು ಒಂದೊಂದಾಗಿ ಹಿಡಿದುಕೊಂಡಳು. ಒಂದೂವರೆ ತಾಸಿನಲ್ಲಿ ಒಳ್ಳೆಯ ರೇಡಿಯೇಟರು ಖಮರುದ್ದೀನನ ಗಾಡಿಗೆ ಬಂತು. ಒಡೆದದ್ದು ಗುರುಲಿಂಗಪ್ಪನ ಗಾಡಿಗೆ ಹೋಯಿತು. ಅದನ್ನು ರಸ್ತೆ ಬದಿಗೆ ಎಸೆದಿದ್ದರೂ ಆಗುತ್ತಿತ್ತು. ಆದರೆ ಖಮರುದ್ದೀನ ಅದನ್ನು ನೆಟ್ಟಗೆ ಕೂರಿಸಿ ಬೋಲ್ಟು ಬಿಗಿದ. ಒಡೆದವನ ಮೂತಿಯ ಮೇಲೆ ಅದು ಕಾಣಲಿ ಎಂದು ಅವನ ಆಸೆ. ಹಳ್ಳದ ನೀರು ತಂದು ತನ್ನದನ್ನು ತುಂಬಿಸಿದ. ಹ್ಯಾಂಡಲು ತಿರುವಿದ. ಮೋಟಾರು ಗುಡುಗಿತು. ಸೂಗಮ್ಮ ಬೊಚ್ಚುಬಾಯಿ ತೆರೆದು ನಕ್ಕಳು.

ಅಮೀನ ಬುರ್ಹಾನುದ್ದೀನ್ ಕುದುರೆಯ ಮೇಲೆ ಬಂದ. ಯಾರ ಮನೆಯ ನೀರನ್ನೂ ಕುಡಿಯದವನೆಂದು ಹೆಸರಾದವನು. ಹೊಲದಲ್ಲಿದ್ದ ಇಬ್ಬರು ಆಳುಗಳನ್ನು ಪಂಚರೆಂದು ಕರೆಸಿದ. ಅವರಲ್ಲೊಬ್ಬ ಹೋಗಿ ಗುರುಲಿಂಗಪ್ಪನನ್ನೂ ಕರೆತಂದ. ಅಮೀನ ಮಂಡಿಯ ಮೇಲೆ ಹಲಗೆಯಿಟ್ಟು ಉರ್ದುವಿನಲ್ಲಿ ಬರೆಯತೊಡಗಿದ. ಬರೆದದ್ದನ್ನು ಪಂಚರಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದ.

"ದೇಶಮುಖರ ಗಾಡಿ, ಮುಂಭಾಗ ಜಖಂ. ರೇಡಿಯೇಟರ್ ಒಡದದ. ಖಮರುದ್ದೀನನ ಗಾಡಿ, ಯಾವ ಜಖಮೂ ಇಲ್ಲ."

ಖಮರುದ್ದೀನನ ಕೈಯಲ್ಲಿದ್ದ ಪಾನಾ ಕೆಳಗೆ ಬಿತ್ತು.

"ಸಾಬ್, ಹಂಗಲ್ಲ! ಒಡದಿದ್ದು ನಂದು. ನಾ ನಿಂತಿದ್ದೆ."

"ಒಡದಿದ್ದು ಅವರ ಗಾಡಿ ಮ್ಯಾಗ ಯಾಕದ? ಕಣ್ಣಿಗಿ ಕಂಡಿದ್ದು ಬರೀತೀನಿ. ಉಳಿದದ್ದು ಅದಾಲತಿನಾಗ ಹೇಳು."

ಗುರುಲಿಂಗಪ್ಪ ತನ್ನ ಮೋಟಾರಿನ ಮೂತಿಯನ್ನು ದಿಟ್ಟಿಸಿದ. ಕತ್ತಿನ ನರ ಉಬ್ಬಿತು. "ಕಳ್..." ಎಂದು ಬಾಯಿ ತೆರೆದವನು ಅಲ್ಲೇ ನಿಲ್ಲಿಸಿದ. ಖಮರುದ್ದೀನನನ್ನು ನೋಡಿದ, ಅಮೀನನ ಕಾಗದವನ್ನು ನೋಡಿದ. ಮುಖ ನಿಧಾನವಾಗಿ ಹಗುರಾಯಿತು.

"ಹೌದ್ರೀ, ಅಮೀನ ಸಾಹೇಬ್ರ. ಇಂವಾ ಬಂದು ಗುದ್ದಿದ. ಪಾಪ, ಬಡವ. ಆದ್ರ ಇವಗ ಬಿಮಾ ಅದಂತ್ರೀ. ಬಿಮಾದವರು ನನಗ ಹೊಸಾದು ಕೊಡಲಿ, ಸಾಕು."

"ಸುಳ್ಳು ಬೊಗಳ್ತಿ!" ಸೂಗಮ್ಮ ಮುಂದೆ ಬಂದಳು. "ನಾ ಕಂಡೀನ್ರೀ. ನನ್ನ ಸೆರಗಿನಾಗೇ..."

ಅಮೀನ ಕೈ ಎತ್ತಿ ಅವಳನ್ನು ತಡೆದ. ಖಮರುದ್ದೀನನ ಎಣ್ಣೆ ಮೆತ್ತಿದ ಬೆರಳುಗಳನ್ನು ನೋಡಿದ. ಅವನಿಗೆ ಎಲ್ಲ ತಿಳಿದಂತಿತ್ತು.

"ಮುದುಕಿ ಮಾತಾಡೋಕಿಂತ ಮೊದಲು ನೀ ಹೇಳು. ಅವರ ಗಾಡಿದು ಬಿಚ್ಚಿದ್ದು ಖರೇ ಇದ್ರ ಅದು ಕಳವು. ನಿನ್ನ ಗಾಡಿ ಈಗಲೇ ಜಪ್ತಿ, ನೀ ಠಾಣೆಗಿ. ಗುದ್ದಿದ್ದು ಖರೇ ಇದ್ರ ಬಿಮಾದವರು ಕೊಡ್ತಾರ, ನೀ ಗಾಡಿ ತಗೊಂಡು ಹೋಗು. ಎರಡರಾಗ ಯಾವುದು?"

ಜೋಳದ ತೆನೆಗಳ ಮೇಲೆ ಗುಬ್ಬಿಗಳು ಗಲಾಟೆ ಮಾಡುತ್ತಿದ್ದವು. ನಾಳೆ ಹತ್ತು ಗಂಟೆ.

"ನಾನೇ ಗುದ್ದೀನಿ, ಸಾಬ್."

"ತಮ್ಮಾ?" ಅಂದಳು ಸೂಗಮ್ಮ.

"ಸುಮ್ನಿರು, ಆಯಿ. ನಿನಗ ಕಣ್ಣು ಕಾಣಂಗಿಲ್ಲ. ನೀ ಏನು ಕಂಡೀದಿ?"

ಅಮೀನ ಬರೆದ. ಪಂಚರು ಹೆಬ್ಬೆಟ್ಟು ಒತ್ತಿದರು, ಖಮರುದ್ದೀನ ಸಹಿ ಮಾಡಿದ. ಗುರುಲಿಂಗಪ್ಪ ಕೈ ಚಾಚಿದ. "ನನ್ನ ಹ್ಯಾಂಡಲು."

ಸೂಗಮ್ಮ ಬುಟ್ಟಿಯನ್ನು ತಲೆಗೆ ಏರಿಸಿಕೊಂಡಳು. ಖಮರುದ್ದೀನ ಬಾಗಿಲು ತೆರೆದು ಹಿಡಿದ. ಅವಳು ಅದರ ಪಕ್ಕದಿಂದ ನಡೆದು ಹೋದಳು. "ಕಣ್ಣು ಕಾಣದವಳಿಗಿ ಮೋಟಾರು ಯಾಕ?" ಅಂದಳು, ಅವನ ಕಡೆ ತಿರುಗದೆ.

ಮರುದಿನ ಹತ್ತಕ್ಕೆ ಕಚೇರಿಯ ಅಧಿಕಾರಿ ಗಾಡಿಯ ಸುತ್ತ ಒಂದು ಸುತ್ತು ಬಂದ. ರೇಡಿಯೇಟರಿನ ಮೇಲೆ ಬೆರಳಿಂದ ತಟ್ಟಿದ. "ಹೊಸದು ಹಾಕೀದಿ. ಅಚ್ಛಾ," ಎಂದು ಕಾಗದಕ್ಕೆ ಮೊಹರು ಒತ್ತಿದ. ಲೈನು ಖಮರುದ್ದೀನನದಾಯಿತು.

ಮಧ್ಯಾಹ್ನ ಮೊದಲ ಪ್ರಯಾಣ. ಪೇಟೆಯಲ್ಲಿ "ಕಮಲಾಪೂರ! ಕಮಲಾಪೂರ!" ಎಂದು ಕೂಗಿದ. ಗಾಡಿ ತುಂಬಿತು. ಮುಂದಿನ ಸೀಟನ್ನು ಕೊನೆಯಲ್ಲಿ ಬಂದವನೊಬ್ಬ ಹತ್ತಿ ಕುಳಿತ, ಗುರುಲಿಂಗಪ್ಪ.

"ಇಳೀರಿ," ಅಂದ ಖಮರುದ್ದೀನ.

"ಯಾಕ ಇಳೀಲಿ? ನನ್ನ ಗಾಡಿ ಕೆಡಿಸೀನಿ ಅಂತ ಬರಕೊಟ್ಟೀದಿ. ಹೊಸಾದು ಬರೋ ತನಕ ನಿನ್ನ ಗಾಡಿನೇ ನನ್ನ ಗಾಡಿ." ಕಾಲು ಮುಂದಕ್ಕೆ ಚಾಚಿದ. "ಹಿಂದ ನೋಡಕೋತ ಹೊಡಿ. ನೀ ಗುದ್ದೋ ಮನಷ್ಯ."

ಹಿಂದಿನ ಸೀಟಿನವರು ನಕ್ಕರು. ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು.

ಮಹಾಗಾಂವ ಸಮೀಪಿಸಿದಾಗ ರಸ್ತೆ ಬದಿಯಲ್ಲಿ ಸೂಗಮ್ಮ ಕಂಡಳು. ಖಾಲಿ ಬುಟ್ಟಿ, ಊರಿನ ಕಡೆ ಮುಖ, ಕಾಲು ಎಳೆಯುತ್ತಿದ್ದಳು. ಖಮರುದ್ದೀನ ನಿಲ್ಲಿಸಿದ.

"ಆಯಿ, ಹತ್ತು."

ಅವಳು ಗಾಡಿಯನ್ನು ನೋಡಿದಳು. ಮುಂದೆ ಕುಳಿತವನನ್ನು ನೋಡಿದಳು. ಹೊಳೆಯುವ ರೇಡಿಯೇಟರನ್ನು ನೋಡಿದಳು. ರಸ್ತೆಯಿಂದ ಹೊಲಕ್ಕೆ ಇಳಿದು, ಬದುವಿನ ಮೇಲೆ ನಡೆಯತೊಡಗಿದಳು.

"ಹೊಡಿಯೋ," ಅಂದ ಗುರುಲಿಂಗಪ್ಪ. "ಊಟದ ಹೊತ್ತಾಗ್ಯಾದ."

ಗಾಡಿಯಲ್ಲೇ ಏನೋ ಕೆಟ್ಟಿದೆ ಎಂಬಂತೆ ಖಮರುದ್ದೀನ ಇಳಿದು ರೇಡಿಯೇಟರಿನ ಮುಚ್ಚಳ ತಿರುವಿ ನೋಡಿದ. ನೀರು ಕಂಠದವರೆಗೂ ಇತ್ತು. ಒಂದು ಹನಿಯೂ ಸೋರಿರಲಿಲ್ಲ.