ಬೆಳಿಗ್ಗೆ ಕೂಗುವ ಪಂಪು

ಇಂಜಿನ್ ಚಿತ್ರದ ಆ ಹಳದಿ ಲೈಟು ಮತ್ತೆ ಹತ್ತಿಕೊಂಡಾಗ ನರ್ಸಮ್ಮನಿಗೆ ಸ್ಟೀರಿಂಗಿಗೆ ಹಣೆ ಚಚ್ಕೊಳ್ಳೋಣ ಅನ್ನಿಸ್ತು. ಶನಿವಾರ ಹೊಗೆ ತಪಾಸಣೆ. ಲೈಟ್ ಹತ್ತಿದ್ರೆ ಫೇಲು, ಫೇಲ್ ಆದ್ರೆ ಕಾರು ರಸ್ತೆಗೆ ಇಳಿಯೋ ಹಾಗಿಲ್ಲ. ಅವಳ ಕೆಲಸವೋ, ಹಾಸಿಗೆ ಹಿಡಿದವರ ಮನೆಮನೆಗೂ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟೋದು. ಒಂದು ಮನೆ ಊರಿನ ಈ ತುದಿಗಿದ್ರೆ ಇನ್ನೊಂದು ಆ ತುದಿಗೆ. ಕಾರಿಲ್ದೆ ಅರ್ಧ ಜನರ ಹತ್ರ ಹೋಗೋಕೇ ಆಗಲ್ಲ.

ಅದೇ ತಲೆಬಿಸೀಲಿ ಗೇಟ್ ತೆಗೀತಿದ್ರೆ ಪಕ್ಕದ ಮನೆಯಾಕೆ ಬೇರೆ ಹಿಡ್ಕೊಂಡ್ರು. "ಅಲ್ಲಮ್ಮಾ, ಬೆಳಗಾಗೋಕೆ ಮುಂಚೆ ಅದೇನು ದಿನಾ ರುಬ್ತೀಯ?"

"ರುಬ್ಬೋದಾ? ನಮ್ಮನೆ ಮಿಕ್ಸಿ ಕೆಟ್ಟು ಮೂಲೆ ಸೇರಿದೆ."

"ಹಾಗಂದ್ಮೇಲೆ ನನ್ನ ಕಿವಿಗೇ ರೋಗ ಬಂದಿರ್ಬೇಕು" ಅಂತ ಆಕೆ ಮುಖ ತಿರುಗಿಸ್ಕೊಂಡು ಹೋದ್ರು. ನರ್ಸಮ್ಮ ಅದನ್ನ ಅಲ್ಲೇ ಮರೆತುಬಿಟ್ಳು.

ಗ್ಯಾರೇಜಿನ ಮೇಸ್ತ್ರಿನ ಎಲ್ಲರೂ ಡಾಕ್ಟ್ರು ಅಂತಾರೆ. ಉದ್ದನೆ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗಿಟ್ಟು, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಂತ್ಬಿಟ್ರೆ ಥೇಟ್ ಎದೆಬಡಿತ ಕೇಳೋರ ಹಾಗೇ ಕಾಣ್ತಾರೆ. ಅದರ ಬಗ್ಗೆ ಅವರಿಗೆ ಜಂಬಾನೂ ಇದೆ.

"ಇಂಜಿನ್ ತಣ್ಣಗಿದ್ದಾಗ ಪೆಟ್ರೋಲು ಪೂರ್ತಿ ಉರಿಯಲ್ಲ ಸಿಸ್ಟರ್" ಅಂದ್ರು ಡಾಕ್ಟ್ರು. "ಉರೀದೆ ಉಳಿದಿದ್ದನ್ನ ಹೊಗೆ ಹೋಗೋ ದಾರೀಲೇ ಸುಡೋಕೆ ಒಂದು ಪುಟ್ಟ ಪಂಪು ಗಾಳಿ ಊದುತ್ತೆ. ಒಲೆಗೆ ಊದುಗೊಳವೆ ಇದ್ದ ಹಾಗೆ. ಇಂಜಿನ್ ಬಿಸಿಯಾದ್ಮೇಲೆ ಅದಕ್ಕೆ ಕೆಲಸ ಇಲ್ಲ, ಸುಮ್ನಾಗುತ್ತೆ. ಆ ಗಾಳಿ ಸಾಕಾಗ್ತಿಲ್ಲ ಅಂತ ಗಾಡಿಯೊಳಗಿನ ಕಂಪ್ಯೂಟರ್ ದೂರು. ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಗೊರಗೊರ ಅಂತ ಕೂಗುತ್ತಾ?"

"ಇಲ್ವೇ ಇಲ್ಲ. ಬೆಕ್ಕಿನ ಹಾಗೆ ಮೆತ್ತಗೆ ಶುರುವಾಗುತ್ತೆ."

ಹೋದ ಸಲಾನೂ ಅವಳು ಹೀಗೇ ಹೇಳಿದ್ಳು. ಅದನ್ನ ನಂಬಿ ಡಾಕ್ಟ್ರು ಪಂಪಿನ ತಂಟೆಗೇ ಹೋಗಿರ್ಲಿಲ್ಲ. ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್ ಬದಲಾಯಿಸಿ ಕಳಿಸಿದ್ರು. ಈ ಸಲ ಗಡ್ಡ ಕೆರ್ಕೊಂಡು, "ನೀವು ಬರೋಷ್ಟರಲ್ಲಿ ಗಾಡಿ ಬಿಸಿಯಾಗಿರುತ್ತೆ. ನಿದ್ದೆ ಮಾಡ್ತಿರೋನ ಗೊರಕೆ ಎದ್ದ ಮೇಲೆ ಹುಡುಕಿದ್ರೆ ಸಿಗುತ್ತಾ? ಇವತ್ತು ಇಲ್ಲೇ ಬಿಡಿ" ಅಂದ್ರು.

ಮಾರನೇ ದಿನ ಬೆಳಿಗ್ಗೆ ಅವಳೆದುರಿಗೇ ಕೀ ತಿರುಗಿಸಿದ್ರು. ಅಬ್ಬಬ್ಬಾ, ಆ ಸದ್ದು! ಮಿಕ್ಸಿಗೆ ಕಲ್ಲು ಹಾಕಿ ಬಿಟ್ಟ ಹಾಗೆ. ನರ್ಸಮ್ಮ ಎರಡು ಹೆಜ್ಜೆ ಹಿಂದೆ ಸರಿದ್ಳು. ಸ್ವಲ್ಪ ಹೊತ್ತಾದ್ಮೇಲೆ ಸದ್ದು ತಾನಾಗೇ ನಿಲ್ತು.

"ಇದಾ ನಿಮ್ಮ ಬೆಕ್ಕು?"

"ಡಾಕ್ಟ್ರೇ, ನಮ್ಮಪ್ಪನಾಣೆ, ಒಂದು ದಿನವೂ ಕೇಳಿಲ್ಲ."

ಡಾಕ್ಟ್ರು ಪಂಪು ಬಿಚ್ಚಿ ಬಗ್ಗಿಸಿದ್ರೆ ಕಂದು ಬಣ್ಣದ ನೀರು ತೊಟಕ್ ತೊಟಕ್ ಅಂತ ಬಿತ್ತು. ಗಾಳಿ ಒಳಗೆ ಬಿಟ್ಟು, ಹೊಗೆ ವಾಪಸ್ ಬರದ ಹಾಗೆ ತಡೀಬೇಕಾದ ವಾಲ್ವಿಗೆ ಉಲ್ಟಾ ಕಡೆಯಿಂದ ಬಾಯಿಟ್ಟು ಊದಿದ್ರು. ಸಲೀಸಾಗಿ ಗಾಳಿ ಹೋಯ್ತು. "ಕಳ್ಳ ಇವನು. ಮಸಿ ಕಟ್ಟಿ ಬಾಗಿಲು ತೆರ್ಕೊಂಡೇ ಕೂತಿದ್ದಾನೆ. ಹೊಗೆ, ನೀರು ಎಲ್ಲ ವಾಪಸ್ ಬಂದು ಪಂಪು ತುಕ್ಕು ಹಿಡಿದಿದೆ. ಎರಡನ್ನೂ ಬದಲಾಯಿಸ್ಬೇಕು. ಪಂಪೊಂದೇ ಹಾಕಿದ್ರೆ ಹೊಸದೂ ನೀರು ಕುಡಿದು ಸಾಯುತ್ತೆ." ಆಮೇಲೆ ಬಾಯಿ ಒರೆಸ್ಕೊಂಡು, "ಆದ್ರೆ ಇದು ಎಷ್ಟೋ ದಿನದಿಂದ ಕೂಗ್ತಿದೆ. ನಿಮಗೆ ಕೇಳಿಲ್ಲ ಅಂದ್ರೆ ನಿಮಗಿಂತ ಮುಂಚೆ ಯಾರೋ ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡ್ತಿದ್ದಾರೆ" ಅಂದ್ರು.

ಯಾರು? ಗಂಡನಿಗೆ ರಾತ್ರಿ ಪಾಳಿ, ಅವನು ಬರೋದೇ ಇವಳು ಹೊರಟ ಮೇಲೆ. ಕಾರು ನಿಲ್ಲೋದೋ ಓಣಿಯ ಕೊನೇಲಿ, ಪಕ್ಕದ ಮನೆಯಾಕೆಯ ಮಲಗೋ ಕೋಣೆ ಕಿಟಕಿ ಕೆಳಗೆ. ಇವಳು ಮಲಗೋದು ಮನೆಯ ಇನ್ನೊಂದು ಕಡೆ.

ಆಗ ಒಂದೊಂದೇ ನೆನಪಾಯ್ತು. ಓಣಿಯವರೆಲ್ಲ ಕೊರೆಯೋ ಚಳೀಲಿ ಬಟ್ಟೆ ಹಿಡಿದು ಗಾಜಿನ ಇಬ್ಬನಿ ಒರೆಸ್ತಿದ್ರೆ ಅವಳ ಗಾಜು ಮಾತ್ರ ಫಳಫಳ ಅಂತಿರ್ತಿತ್ತು. ಗೋಡೆ ಮರೆ ಇದೆಯಲ್ಲ, ಅದಕ್ಕೇ ಅಂದ್ಕೊಂಡಿದ್ಳು. ಒಳಗೆ ಬೆಚ್ಚಗೂ ಇರ್ತಿತ್ತು. ಅವಳು ಏಳೋ ಹೊತ್ತಿಗೆ ಮನೇಲಿದ್ದ ಮಾವ, ಗಂಡನ ಅಪ್ಪ, ಒದ್ದೆ ಚಪ್ಪಲಿ ಬಾಗಿಲ ಹತ್ರ ಬಿಡ್ತಿರ್ತಿದ್ರು. ವಾಕಿಂಗ್ ಅಂದ್ಕೊಂಡಿದ್ಳು. ಮಾವ ಬಸ್ ಓಡಿಸ್ತಿದ್ದೋರು, ಇಂಜಿನ್ ಪಕ್ಕದಲ್ಲೇ ಕೂತೂ ಕೂತೂ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದಕ್ಕೆ ಜೋರಾಗಿ ಹೇಳಿದ್ರೆ ಮಾತ್ರ ಕೇಳ್ತಿತ್ತು. ಮಾತಂತೂ ಮೊದಲಿಂದಾನೂ ಕಮ್ಮಿ. ಸೊಸೆ ಅಂದ್ರೆ ಅಷ್ಟಕ್ಕಷ್ಟೇ ಅಂತ ಅವಳು ಒಳಗೊಳಗೇ ತೀರ್ಮಾನ ಮಾಡ್ಬಿಟ್ಟಿದ್ಳು.

ಮನೆಗೆ ಬಂದೋಳೇ ಎದುರಿಗೆ ಕೂತು ಜೋರಾಗಿ ಕೇಳಿದ್ಳು. "ಮಾವ, ದಿನಾ ನನ್ನ ಕಾರ್ ಬಿಸಿ ಮಾಡಿಡ್ತಿರೋದು ನೀವೇ ತಾನೇ?"

ಮಾವ ಪೇಪರ್ ಮಡಚಿದ್ರು. "ತಣ್ಣಗಿರೋ ಗಾಡೀಲಿ ಜನರನ್ನ ಕೂರಿಸ್ಬಾರದಮ್ಮಾ. ಡಿಪೋದಲ್ಲಿ ಹಾಗೇ ಅಭ್ಯಾಸ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳೋದೇನಿದೆ ಅದರಲ್ಲಿ?"

ಡಾಕ್ಟ್ರು ಕಂಡುಹಿಡಿದಿದ್ದನ್ನ ಹೇಳಿದ್ಮೇಲೆ ಅವರ ಮುಖ ಸಣ್ಣಗಾಯ್ತು. "ಅಷ್ಟು ಕೂಗ್ತಿತ್ತಾ? ನಾನೇ ಹಾಳು ಮಾಡಿದ್ನಾ ಹಾಗಾದ್ರೆ?"

"ಇಲ್ಲ ಮಾವ. ವಾಲ್ವಿಗೆ ವಯಸ್ಸಾಗಿ ಮುಚ್ಕೊಳ್ತಿರ್ಲಿಲ್ವಂತೆ."

"ನನ್ನ ಮೊಣಕಾಲಿನ ಜಾತಿ" ಅಂದ್ರು ಮಾವ. ಅವರು ತಮಾಷೆ ಮಾಡಿದ್ದು ಅವಳು ಕೇಳಿದ್ದೇ ಮೊದಲ ಸಲ.

ಹೊಸ ಪಂಪು, ಹೊಸ ವಾಲ್ವು ಕೂತ್ವು. ಆದ್ರೆ ಕಂಪ್ಯೂಟರಿಗೆ ನಂಬಿಕೆ ಬರ್ಬೇಕಲ್ಲ? ಶನಿವಾರದವರೆಗೂ ದಿನಾ ಬೆಳಿಗ್ಗೆ ತಣ್ಣಗಿರೋ ಇಂಜಿನ್ ಶುರು ಮಾಡಿ, ಪಂಪು ಊದಿ ನಿಲ್ಲೋದನ್ನ ನೋಡ್ಕೊಂಡು, ನಡುವೆ ಆಫ್ ಮಾಡದೆ ಹಾಗೇ ಓಡಿಸ್ಬೇಕು ಅಂದಿದ್ರು ಡಾಕ್ಟ್ರು. "ಮಾವ, ನೀವೂ ಬನ್ನಿ" ಅಂದ್ಳು ನರ್ಸಮ್ಮ. ಮಾವ ಆಗ್ಲೇ ಚಪ್ಪಲಿ ಮೆಟ್ಟಿದ್ರು.

ಅವಳು ಕೀ ತಿರುಗಿಸಿದ್ಳು. ಕೇಳಿಸದ ಮಾವ ಬಾನೆಟ್ ಎತ್ತಿ ಪಂಪಿನ ಪೈಪಿಗೆ ಅಂಗೈ ಇಟ್ಟು ನಿಂತ್ರು. "ಊದ್ತಿದೆ... ಊದ್ತಿದೆ... ಹಾಂ, ನಿಲ್ತು." ಆಮೇಲೆ ಬಂದು ಪಕ್ಕದ ಸೀಟಲ್ಲಿ ಕೂತ್ರು, ಹಾಲಿನಂಗಡಿವರೆಗೂ. ದಿನಾ ಹೀಗೇ. ಶುಕ್ರವಾರವೂ ಲೈಟ್ ಹತ್ತಲಿಲ್ಲ.

ಶನಿವಾರ ತಪಾಸಣೆಗೂ ಮಾವ ಜೊತೆಗೆ ಬಂದ್ರು. ಕಾರು ಪಾಸು. ವಾಪಸ್ ಬರ್ತಾ ಅವಳು ಜೋರಾಗಿ ಅಂದ್ಳು, "ಮಾವ, ಇಷ್ಟು ದಿನ ಬೆಚ್ಚಗೆ ಕಳಿಸಿದ್ರಿ. ನಂಗೆ ಗೊತ್ತೇ ಇರ್ಲಿಲ್ಲ. ತುಂಬಾ ಉಪಕಾರ ಆಯ್ತು."

ಮಾವ ಕಿಟಕಿ ಕಡೆ ತಿರುಗಿ, "ಕೇಳಿಸ್ಲಿಲ್ಲ" ಅಂದ್ರು.

ಅವಳು ಕಾರು ಪಕ್ಕಕ್ಕೆ ಹಾಕಿ, ಅವರ ಒಳ್ಳೆ ಕಿವಿ ಹತ್ರ ಬಗ್ಗಿ, ಮತ್ತೆ ಅಷ್ಟನ್ನೂ ಹೇಳಿದ್ಳು.