ಒಂಬತ್ತನೆಯ ಪಟ್ಟಿ

ಗಾಡಿಯ ಕೆಳಗಿನಿಂದ ಮೊದಲು ನಗು ಬಂತು, ಆಮೇಲೆ ಭಾವ ಬಂದರು. ಬೆನ್ನಡಿಯ ಗಾಲಿ ಹಲಗೆಯನ್ನು ಹಿಮ್ಮಡಿಯಿಂದ ತಳ್ಳಿಕೊಂಡು ಹೊರಗೆ ಜಾರಿ, ಮಲಗಿದ್ದ ಹಾಗೆಯೇ ತಂಗಿಯ ಗಂಡನ ಮುಖವನ್ನು ತಲೆಕೆಳಗಾಗಿ ನೋಡಿದರು.

"ಈಗ ಎಷ್ಟು ಪಟ್ಟಿ ಇವೆ ಅಂತ ಎಣಿಸಿದ್ದೀಯಾ?"

"ಎಂಟು. ಇನ್ನೊಂದು ಹಾಕಿಸ್ಕೊಂಡು ಹೋಗೋಣ ಅಂತಾನೇ ಬಂದಿದ್ದು."

"ಹಾಕೋಣ ಬಿಡು. ಆಮೇಲೆ ಚಕ್ರ ಬಿಚ್ಚಿ ನಾಲ್ಕು ಕಡೆ ಕಲ್ಲುಕಂಬ ನಿಲ್ಲಿಸಿಕೊಡ್ತೀನಿ. ಅದು ಇನ್ನೂ ಗಟ್ಟಿ."

ಅವನ ಪಿಕಪ್ ಗಾಡಿ ಹೊಸದಾಗಿ ಬಂದಾಗ ಹಿಂದಿನ ಒಂದೊಂದು ಚಕ್ರದ ಮೇಲೂ ಐದೈದು ಉಕ್ಕಿನ ಪಟ್ಟಿಗಳಿದ್ದವು, ಬಿಲ್ಲಿನ ಹಾಗೆ ಬಾಗಿ, ಒಂದಕ್ಕೊಂದು ಆತುಕೊಂಡು. ಹಾಸುಗಲ್ಲು ಸಾಗಿಸುವ ಕೆಲಸ ಸಿಕ್ಕಿದ ಮೇಲೆ ಅವನು ಆರನೆಯದನ್ನು ಹಾಕಿಸಿದ. ಏಳನೆಯದೂ ಎಂಟನೆಯದೂ ಭಾವನ ಕಣ್ಣು ತಪ್ಪಿಸಿ ಬೇರೆ ಗ್ಯಾರೇಜಿನಲ್ಲಿ ಸೇರಿಕೊಂಡವು. ಒಂದೂವರೆ ಟನ್ ಹೇರಿದರೂ ಗಾಡಿ ಸೊಂಟ ಬಗ್ಗಿಸುತ್ತಿರಲಿಲ್ಲ. ಅವನ ಹೆಸರೇ ಒಂದೂವರೆ ಟನ್ ಆಗಿ, ಅಷ್ಟು ಹೇಳುವ ಪುರುಸೊತ್ತೂ ಯಾರಿಗಿಲ್ಲದೆ ಬರೀ ಒಂದೂವರೆ ಎಂದು ಉಳಿದಿತ್ತು. ಹಾಗೆ ಕರೆದರೆ ಅವನ ಎದೆ ಒಂದು ಬೆರಳು ಉಬ್ಬುತ್ತಿತ್ತು.

ಗಟ್ಟಿಯಾದದ್ದೆಲ್ಲ ಒಳ್ಳೆಯದು ಎಂಬುದು ಒಂದೂವರೆಯ ಲೆಕ್ಕ. ಅವನು ಮುಚ್ಚಿದ ಡಬ್ಬಿಯ ಮುಚ್ಚಳವನ್ನು ಮನೆಯಲ್ಲಿ ಇನ್ಯಾರೂ ತೆಗೆಯಲಾರರು. ಅವನು ಬಿಗಿದ ನಲ್ಲಿಯನ್ನು ಬಿಡಿಸಲು ಹೆಂಡತಿ ಎರಡು ಸಲ ಇಕ್ಕಳ ಹುಡುಕಿದ್ದಳು. ಕೇಕು ಅಲುಗಾಡುತ್ತದೆಂದರೆ ಗಾಡಿ ಸಾಕಷ್ಟು ಗಟ್ಟಿಯಿಲ್ಲ ಎಂದು ಅವನು ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಕೇಕು ಹೆಂಡತಿಯದು. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಓವನ್ ಇಟ್ಟುಕೊಂಡು ಶುರುಮಾಡಿದವಳು, ನಾಲ್ಕು ವರ್ಷದಲ್ಲಿ ಮದುವೆಗಳಿಗೆ ಅಂತಸ್ತಿನ ಕೇಕು ಕಟ್ಟುವವರೆಗೆ ಬಂದಿದ್ದಳು. ಅಲ್ಲೇ ಹೋಗಿ ಜೋಡಿಸೋಣವೆಂದರೆ ಕಲ್ಯಾಣಮಂಟಪದವರು ಬಾಗಿಲು ತೆಗೆಯುವುದು ಅರ್ಧ ಗಂಟೆ ಮುಂಚೆ. ಹಾಗಾಗಿ ಪೂರ್ತಿ ಕಟ್ಟಿ, ಮೇಲೆ ಸಕ್ಕರೆಯ ಹೂ ಸಿಕ್ಕಿಸಿ, ಮೇಲ್ಭಾಗ ತೆರೆದ ಪೆಟ್ಟಿಗೆಯಲ್ಲಿ ಕೂರಿಸಿ, ಪಿಕಪ್ಪಿನ ಹಿಂದೆ ತಾಡಪಾಲಿನ ಗೂಡಿನೊಳಗೆ ಇಟ್ಟು ಒಯ್ಯಬೇಕು. ಅವಳು ಪಕ್ಕದಲ್ಲಿ ಮಂಡಿಯೂರಿ ಕೂತು ಎರಡೂ ಕೈಗಳಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು ಬರುತ್ತಿದ್ದಳು.

ಹೋದ ತಿಂಗಳು ಮೂರು ಅಂತಸ್ತಿನದು ಗುಂಡಿ ಬಿದ್ದ ಕಾರ್ಖಾನೆ ರಸ್ತೆಯಲ್ಲಿ ವಾಲಿತು. ಮದುವಣಗಿತ್ತಿಗಿಂತ ಮೊದಲು ಕೇಕೇ ತಲೆ ತಗ್ಗಿಸಿ ಮಂಟಪದೊಳಗೆ ಹೋಯಿತು. ನೆಂಟರು ಬಂದು ಕೂರುತ್ತಿರುವಾಗಲೇ ಅವಳು ಮೂಲೆಯಲ್ಲಿ ನಿಂತು ಕ್ರೀಮು ಬಳಿದು ಬಳಿದು ಅದನ್ನು ನೆಟ್ಟಗೆ ಮಾಡಿದಳು. ವಾಪಸು ಬಂದು ಅವನು ಚಹಾ ಕೊಟ್ಟಾಗ ಲೋಟ ಹಿಡಿಯಲು ಅವಳಿಗೆ ಆಗಲಿಲ್ಲ. ದಾರಿಯುದ್ದಕ್ಕೂ ತಬ್ಬಿ ಹಿಡಿದ ಬೆರಳುಗಳು ಇನ್ನೂ ನೆಟ್ಟಗಾಗಿರಲಿಲ್ಲ. ಲೋಟವನ್ನು ಮೇಜಿನ ಮೇಲಿಡಲು ಹೇಳಿ, ಇನ್ನು ದೊಡ್ಡ ಕೇಕು ಒಪ್ಪಿಕೊಳ್ಳುವುದಿಲ್ಲ, ಒಂದೇ ಅಂತಸ್ತು ಸಾಕು ಎಂದಳು. ಕೊರಗಿನ ದನಿಯಲ್ಲಲ್ಲ, ಪೇಟೆಯಿಂದ ಏನು ತರಬೇಕೆಂದು ಹೇಳುವ ದನಿಯಲ್ಲಿ. ಅದೇ ಅವನಿಗೆ ಚುಚ್ಚಿದ್ದು.

ಹಾಗೆ ಚುಚ್ಚಿಸಿಕೊಂಡವನು ಮಾಡಬೇಕಾದದ್ದಕ್ಕಿಂತ ಹೆಚ್ಚು ಮಾಡಿದ. ಮಂಟಪದ ಮ್ಯಾನೇಜರು ಫೋನು ಮಾಡಿ, ಈ ಭಾನುವಾರಕ್ಕೆ ನಾಲ್ಕು ಅಂತಸ್ತಿನದು ಆಗುತ್ತದೆಯೇ, ಚೆನ್ನಾಗಿ ಬಂದರೆ ಮುಂದೆಲ್ಲ ನಿಮಗೇ ಹೇಳುತ್ತೇವೆ ಎಂದಾಗ, ಅವಳು ಹಿಟ್ಟಿನ ಕೈಯಲ್ಲಿದ್ದಳೆಂದು ಇವನೇ ಮಾತಾಡಿ ಹೂಂ ಅಂದುಬಿಟ್ಟ. ಎರಡು ದಿನ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಮೂರನೆಯ ದಿನ ಅವಳು ಬಾಯಿಬಿಟ್ಟಳು.

"ಹೂಂ ಅಂದಿದ್ದು ನೀವು. ನೆಟ್ಟಗೆ ಮುಟ್ಟಿಸೋದೂ ನೀವೇ. ಈ ಸಲ ವಾಲಿದ್ರೆ ಓವನ್ ಮಾರಿಬಿಡ್ತೀನಿ."

ಇದನ್ನೆಲ್ಲ ಕೇಳಿದ ಭಾವ ಎದ್ದು ನಿಂತು ಕೈ ಒರೆಸಿಕೊಂಡರು. ಗಾಡಿಯ ಹಿಂದಿನ ಬಾಗಿಲ ಹಲಗೆಯ ಮೇಲೆ ಕೂತು ಕುಪ್ಪಳಿಸೆಂದು ಒಂದೂವರೆಗೆ ಹೇಳಿದರು. ಅವನು ಮೈಯೆಲ್ಲ ಭಾರ ಬಿಟ್ಟು ಕುಪ್ಪಳಿಸಿದ. ಗಾಡಿ ಕದಲಲಿಲ್ಲ; ಅವನ ಹಲ್ಲು ಕಟಕ್ಕೆಂದಿತು.

"ಹೆಂಗಿದೆ?"

"ಗಟ್ಟಿ ಇದೆ."

"ಅದೇ ರೋಗ. ಗುಂಡಿಯ ಏಟನ್ನ ಪಟ್ಟಿ ತಿನ್ನಬೇಕು. ನಿನ್ನ ಪಟ್ಟಿಗಳು ಬಗ್ಗೋದೇ ಇಲ್ಲ. ಅವು ತಿನ್ನದೇ ಇದ್ದದ್ದನ್ನ ಯಾರು ತಿಂದ್ರು? ನನ್ನ ತಂಗಿ, ಅವಳ ಕೇಕು." ಭಾವ ಬಗ್ಗಿ, ಎಣ್ಣೆ ಸೋರಿ ಧೂಳು ಮೆತ್ತಿದ, ಕುಲುಕು ತಡೆಯುವ ಶಾಕಬ್ಸರನ್ನು ಸ್ಪ್ಯಾನರಿನಿಂದ ತಟ್ಟಿದರು. "ಇದು ಸತ್ತು ವರ್ಷವಾಗಿದೆ. ಹೆಣ ಹೊತ್ಕೊಂಡು ಓಡಾಡ್ತಿದ್ದೀಯ."

ಮಾಡಬೇಕಾದ್ದು ಅವರ ಪ್ರಕಾರ ಸುಲಭವಾಗಿತ್ತು. ಎರಡೂ ಕಡೆ ಮೂರು ಮೂರು ಪಟ್ಟಿ ತೆಗೆಯುವುದು, ಉಳಿದವಕ್ಕೆ ತುಕ್ಕು ಕೆರೆದು ಗ್ರೀಸು ಹಚ್ಚುವುದು, ಸವೆದ ರಬ್ಬರ್ ಬುಷ್ಷುಗಳನ್ನು ಬದಲಿಸಿ ನಾಲ್ಕೂ ಚಕ್ರಕ್ಕೆ ಹೊಸ ಗ್ಯಾಸ್ ಶಾಕಬ್ಸರ್ ಕೂರಿಸುವುದು. ಆದರೆ ಆಮೇಲೆ ಕಲ್ಲು ಹೇರುವ ಹಾಗಿಲ್ಲ. ಎರಡೂ ಬೇಕೆಂದರೆ ಎರಡು ಗಾಡಿ ಬೇಕು. ಅದನ್ನು ಹೇಳಿ ಭಾವ ಸ್ಪ್ಯಾನರನ್ನು ಅವನ ಕೈಗೇ ಕೊಟ್ಟು ಚಹಾ ಕುಡಿಯಲು ಹೋದರು.

ಪಟ್ಟಿಗಳನ್ನು ಕಟ್ಟಿಹಿಡಿದಿದ್ದ ಬೋಲ್ಟುಗಳನ್ನು ಒಂದೂವರೆಯೇ ಹೇಳಿ ಬಿಗಿಸಿದ್ದು. ಎಷ್ಟು ಬಿಗಿ ಎಂದರೆ ಆ ಗ್ಯಾರೇಜಿನವನು ಸಾಕು ಅಂದಮೇಲೂ ಇನ್ನೊಂದು ಸುತ್ತು. ಗಾಲಿ ಹಲಗೆಯ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿದ. ಭಾವ ಚಹಾ ಮುಗಿಸಿ ಬರುವ ಹೊತ್ತಿಗೆ ಗಾಡಿಯಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು, ಜೊತೆಗೆ ಏದುಸಿರು.

ಆರೂ ಪಟ್ಟಿಗಳು ನೆಲಕ್ಕೆ ಬಂದಿದ್ದಾಗ ಕಲ್ಲಿನ ಅಂಗಡಿಯ ಸಾಹುಕಾರರ ಫೋನು ಬಂತು. ನಾಳೆ ಬೆಳಿಗ್ಗೆ ಒಂದು ಲೋಡು, ಮಾಮೂಲಿ ಭಾರ.

"ಇನ್ಮೇಲೆ ನನ್ನ ಗಾಡಿಗೆ ಅಷ್ಟು ಆಗಲ್ಲ ಸಾಹುಕಾರ್ರೆ," ಎಂದ ಒಂದೂವರೆ. ಆ ಮಾತು ಹೊರಗೆ ಬರಲು ಬೋಲ್ಟುಗಳಿಗಿಂತ ಹೆಚ್ಚು ಹೊತ್ತು ಹಿಡಿದಿತ್ತು.

ಅತ್ತ ಕಡೆ ಸಾಹುಕಾರರು ನಕ್ಕರು. "ಹಂಗಾದ್ರೆ ಇನ್ನು ನಿನ್ನನ್ನ ಏನಂತ ಕರೆಯೋದಯ್ಯಾ?"

ಒಂದೂವರೆ ಫೋನು ಜೇಬಿಗಿಟ್ಟು ಉಳಿದ ಪಟ್ಟಿಗಳ ತುಕ್ಕು ಕೆರೆಯಲು ಕೂತ.

ಸಂಜೆ ಕೆಲಸ ಮುಗಿದಾಗ ಭಾವ ಗಾಡಿಯ ಹಿಂಭಾಗವನ್ನು ಒಂದೇ ಅಂಗೈಯಲ್ಲಿ ಒತ್ತಿಬಿಟ್ಟರು. ಅದು ಒಂದು ಸಲ ಇಳಿಯಿತು, ಒಂದು ಸಲ ಎದ್ದಿತು, ನಿಂತಿತು. ಒಂದೂವರೆಯೂ ಒತ್ತಿದ. ಮತ್ತೆ ಒತ್ತಿದ. ಆಟದ ಸಾಮಾನು ಸಿಕ್ಕವನ ಹಾಗೆ ಅವನು ಐದಾರು ಸಲ ಒತ್ತಿದ ಮೇಲೆ ಭಾವ ಅವನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು. ಅವರು ಹೇಳಬೇಕಾದ ಒಂದು ಮಾತು ಉಳಿದಿತ್ತು: ತೀರಾ ಖಾಲಿಯಿದ್ದರೆ ಪಿಕಪ್ಪು ಕುಣಿಯದೆ ಬಿಡದು; ಅಲುಗಾಡದ ಭಾರ ಇನ್ನೂರು ಕಿಲೋ ಹಿಂದೆ ಇರಲಿ.

ಬಿಚ್ಚಿದ ಆರು ಪಟ್ಟಿಗಳನ್ನು ಅವನು ಮನೆಗೆ ತಂದು ಅಂಗಳದ ಗೋಡೆಗೆ ಒರಗಿಸಿದ. ಹೆಂಡತಿ ಹೊರಗೆ ಬಂದು ಅವನ್ನು ಎಣಿಸಿದಳು. ಮೆಕ್ಯಾನಿಕ್ಕನ ತಂಗಿ, ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

"ಕಲ್ಲು?"

"ಬಿಟ್ಟೆ."

ಅವಳು ಒಳಗೆ ಹೋದಳು. ಅವನು ಚಪ್ಪಲಿ ಬಿಡುತ್ತಿರುವಾಗ ಒಂದು ಡಬ್ಬಿ ಹಿಡಿದು ವಾಪಸು ಬಂದಳು. ಹಿಂದಿನ ದಿನ ಅವನೇ ಮುಚ್ಚಿಟ್ಟಿದ್ದ ಬಾದಾಮಿಯ ಡಬ್ಬಿ.

"ಸಡಿಲ ಮಾಡೋದು ಕಲಿತು ಬಂದಿದ್ದೀರಲ್ಲ, ಇದನ್ನೂ ಮಾಡಿಕೊಡಿ," ಎಂದಳು. ಅವಳ ತುಟಿಯ ಮೂಲೆಯಲ್ಲಿ ಐದು ದಿನದಿಂದ ಕಾಣದಿದ್ದದ್ದು ಕಂಡಿತು.

ಭಾನುವಾರ ಬೆಳಿಗ್ಗೆ ಭಾವನೂ ಬಂದರು. ನಾಲ್ಕು ಮೂಟೆ ಮೈದಾಹಿಟ್ಟನ್ನು ಹಿಂದೆ ಸಾಲಾಗಿ ಹಾಕಿದರು. ಹೇಗೂ ಕೊಂಡು ತಂದಿದ್ದ ಹಿಟ್ಟೇ ಗಾಡಿಯ ಭಾರವೂ ಆಯಿತು. ನಡುವೆ ಕೇಕು, ಬಿಳೀ ನಾಲ್ಕು ಅಂತಸ್ತು, ತುದಿಯಲ್ಲಿ ಕೂದಲೆಳೆಯ ತೊಟ್ಟಿನ ಒಂದು ಸಕ್ಕರೆ ಹೂ. ಮೂಟೆಯ ಮೇಲೆ ಕೂರು ಎಂದು ಭಾವ ಹೇಳಿದರೂ ಅವಳು ಕೇಳದೆ ಮೊದಲಿನಂತೆ ಮಂಡಿಯೂರಿ ತಬ್ಬಿಕೊಂಡಳು. ತಾನಿಲ್ಲದಿದ್ದರೆ ಗಾಡಿಗೆ ದಾರಿ ತಿಳಿಯದು ಎಂಬಂತೆ ಭಾವ ಮುಂದೆ ಹತ್ತಿ ಕೂತರು.

ಮೊದಲ ಉಬ್ಬು ಬಂದಾಗ ಒಂದೂವರೆ ಉಸಿರು ಹಿಡಿದ. ಗಾಡಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು. ಬೆನ್ನ ಹಿಂದಿನ ಗಾಜಿನಾಚೆ ಏನಾಗಿದೆಯೆಂದು ಕನ್ನಡಿಯಲ್ಲಿ ನೋಡಿದ. ಹೂ ಇತ್ತು, ಕೈಗಳು ಪೆಟ್ಟಿಗೆಗೆ ಅಂಟಿಕೊಂಡಿದ್ದವು. ರಸ್ತೆ ನೋಡೋ ಮಾರಾಯ ಎಂದು ಭಾವ ಗದರಿದರು.

ಕಾರ್ಖಾನೆ ರಸ್ತೆ ಶುರುವಾಯಿತು. ಮೊದಲೆಲ್ಲ ಇಲ್ಲಿ ಗಾಡಿಯ ಒಂದೊಂದು ತಗಡೂ ತನ್ನ ಕಷ್ಟ ಹೇಳಿಕೊಳ್ಳುತ್ತಿತ್ತು. ಈಗ ಟೈರಿನ ಸದ್ದು ಬಿಟ್ಟರೆ, ಭಾವನ ಜೇಬಿನಲ್ಲಿದ್ದ ಸ್ಪ್ಯಾನರುಗಳು ಒಂದಕ್ಕೊಂದು ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ಅವನು ಮತ್ತೆ ಕನ್ನಡಿಯತ್ತ ಕಣ್ಣೆತ್ತಿದ. ಅವಳು ಮೂಟೆಯ ಮೇಲೆ ಕೂತಿದ್ದಳು. ಪೆಟ್ಟಿಗೆಯ ಮೇಲೆ ಒಂದೇ ಕೈ ಇತ್ತು.

ಮುಂದಿನ ಗುಂಡಿ ಬಂತು, ಹೋಯಿತು. ಕನ್ನಡಿಯಲ್ಲಿ ಅವಳು ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದು, ಗಾಳಿಗೆ ಬಿಚ್ಚಿದ್ದ ಕೂದಲನ್ನು ನಿಧಾನವಾಗಿ ಗಂಟು ಕಟ್ಟುತ್ತಿದ್ದಳು.